ಖುದ್ದಾಗಿ ಪರಿಶೀಲಿಸಲಾಗಿಲ್ಲ

ಉಲ್ಟಾ ಎಂದು ಕರೆಯಲ್ಪಡುವ ನಾನು, ವಯಸ್ಸು 23 ವರ್ಷ, ಉದ್ಯೋಗ ರಬ್ಬರ್ ಮೊಹರು ತಯಾರಿಕೆ, ವಾಸ ಹಳೇ ಗೋದಾಮಿನ ಹಿಂದಿನ ಓಣಿಯ ಮೂರನೇ ಮನೆಯ ಮಹಡಿ, ಯಾರೂ ಎಳೆದು ತಾರದೆ ನನ್ನ ಕಾಲ ಮೇಲೆ ನಾನೇ ನಡೆದು ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮೊಹರಿನ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೂರಿಸಬೇಕಾಗುತ್ತದೆ. ಈ ಕೆಲಸವನ್ನು ಆರು ವರ್ಷದಿಂದ ಮಾಡುತ್ತಿರುವುದರಿಂದ ನನಗೆ ಆ ಹೆಸರು ಬಂದಿದೆ. ಬುದ್ಧಿಯೂ ಹಾಗೇ ಎಂದು ನನ್ನ ಅಕ್ಕ ಹೇಳುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಅಕ್ಕನಿಗೆ 29 ವರ್ಷ. ಸಿದ್ಧ ಉಡುಪಿನ ಕಾರ್ಖಾನೆಯ ನಾಲ್ಕನೇ ಮಹಡಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವ ಕೆಲಸದಲ್ಲಿದ್ದಳು.

ನನ್ನ ಅಂಗಡಿ ಲಿಫ್ಟ್ ಸುರಕ್ಷತಾ ಕಚೇರಿಯ ಎದುರಿಗೆ, ಅದರ ಗೇಟಿನಿಂದ ಹದಿನೆಂಟು ಹೆಜ್ಜೆ ದೂರದಲ್ಲಿದೆ. ಊರಿನ ಲಿಫ್ಟುಗಳನ್ನು ವರ್ಷಕ್ಕೊಮ್ಮೆ ಹೋಗಿ ನೋಡಿ ಪ್ರಮಾಣಪತ್ರ ಕೊಡುವುದು ಆ ಕಚೇರಿಯ ಪರೀಕ್ಷಕರ ಕೆಲಸ. ಅವರನ್ನು ನಮ್ಮ ಬೀದಿಯಲ್ಲಿ ಲಿಫ್ಟ್ ಸಾಹೇಬರು ಎನ್ನುತ್ತಾರೆ.

ಕಳೆದ ವರ್ಷ ಜೂನ್ 4ರಂದು ಬೆಳಿಗ್ಗೆ 10.40ಕ್ಕೆ ಲಿಫ್ಟ್ ಸಾಹೇಬರು ಸವೆದುಹೋದ ಮೊಹರೊಂದನ್ನು ತಂದು, ಅದರಲ್ಲಿದ್ದಂತೆಯೇ "ಖುದ್ದಾಗಿ ಪರಿಶೀಲಿಸಲಾಗಿದೆ" ಎಂಬ ಹೊಸದೊಂದನ್ನು ಸಂಜೆಯೊಳಗೆ ಮಾಡಿಕೊಡಬೇಕೆಂದರು. ನಾಳೆ ನಲವತ್ತು ಲಿಫ್ಟ್ ಮುಗಿಸೋದಿದೆ ಎಂದರು. ಒಂದೇ ದಿನ ನಲವತ್ತು ಲಿಫ್ಟ್ ಹತ್ತಿ ಇಳಿದ್ರೆ ತಲೆ ತಿರುಗಲ್ವಾ ಸಾರ್ ಎಂದು ನಾನು ಕೇಳಿದೆ. "ಹತ್ತೋದು ಇಳಿಯೋದು ಜನ ಕಣಯ್ಯಾ, ನಾವು ನೋಡೋದು ಫೈಲು" ಎಂದು ನಕ್ಕರು. ನಾನೂ ನಕ್ಕೆ.

ಅವರು ಹೋದ ಮೇಲೆ ನನ್ನ ಕೈ ತುರಿಸತೊಡಗಿತು. ಕೊನೆಯ "ದೆ" ತೆಗೆದು "ಲ್ಲ" ಹಾಕಿದೆ. ಖುದ್ದಾಗಿ ಪರಿಶೀಲಿಸಲಾಗಿಲ್ಲ. ಬದಲಾದದ್ದು ಒಂದೇ ಅಕ್ಷರ. ಸಂಜೆ ಅದನ್ನೇ ಅವರಿಗೆ ಕೊಟ್ಟೆ. ಮೊದಲ ಕಾಗದದ ಮೇಲೆ ಒತ್ತಿದ ಕೂಡಲೇ ಸಾಹೇಬರು ಕೆಂಡವಾಗಿ ರಸ್ತೆ ದಾಟಿ ಬರುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ, ಆಗ ಕೈಕಟ್ಟಿ ನಿಂತು ಪರಮ ವಿನಯದಿಂದ ಸರಿಯಾದದ್ದನ್ನು ಒಪ್ಪಿಸುವುದು ಎಂದು ನನ್ನ ಲೆಕ್ಕಾಚಾರ. ಆ ಸರಿಯಾದ ಮೊಹರನ್ನು ಅದೇ ದಿನ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದೆ.

ಮರುದಿನ ಅವರು ಬರಲಿಲ್ಲ. ವಾರವಾದರೂ ಬರಲಿಲ್ಲ. ಎದುರಿಗೆ ಸಿಕ್ಕಾಗ ಮೊಹರು ಹೇಗಿದೆ ಸಾರ್ ಎಂದು ಮೂರು ಸಲ ವಿಚಾರಿಸಿದೆ. ಅಚ್ಚು ಬಹಳ ಸ್ಪಷ್ಟವಾಗಿ ಬೀಳ್ತಿದೆ ಎಂದು ಮೂರು ಸಲವೂ ಹೊಗಳಿದರು. ವಿಷಯವನ್ನು ಅಕ್ಕನಿಗೆ ಹೇಳಿದೆ. ಒದೆ ತಿನ್ನೋ ದಿನ ಮುಂಚೆನೇ ಹೇಳು, ರಜ ಹಾಕಿ ನೋಡೋಕೆ ಬರ್ತೀನಿ ಎಂದಳು.

ಸೆಪ್ಟೆಂಬರ್ 19ರಂದು ಬೆಳಿಗ್ಗೆ 11.10ರಿಂದ ಮಧ್ಯಾಹ್ನ 1.45ರವರೆಗೆ ಲಿಫ್ಟ್ ಸಾಹೇಬರು ನನ್ನ ಅಂಗಡಿಯ ಸ್ಟೂಲಿನ ಮೇಲೆಯೇ ಇದ್ದರು. ಹೊಸ ಮನೆಗೆ ನಾಮಫಲಕ ಮಾಡಿಸಲು ಬಂದಿದ್ದರು. ಅಕ್ಷರ ದುಂಡಗಿರಲಿ, ಬೇಡ ಉದ್ದಕ್ಕಿರಲಿ, "ನಿವಾಸ" ಎಂದಿರಲಿ, ಬೇಡ "ನಿಲಯ" ಎಂದಿರಲಿ ಎಂದು ಹನ್ನೊಂದು ಮಾದರಿ ತೆಗೆಸಿದರು. ಒಂದೊಂದನ್ನೂ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅಕ್ಷರ ಬಿಡದೆ ಓದಿದರು. ನಡುವೆ ಚೀಲದಿಂದ ಪ್ರಮಾಣಪತ್ರಗಳ ಕಟ್ಟು ತೆಗೆದು, ಕನ್ನಡಕ ಬಿಚ್ಚಿಟ್ಟು, ನನ್ನ ಇಂಕ್ ಪ್ಯಾಡ್ ಕೇಳಿ ಪಡೆದು, ಅಂದಿನ ದಿನಾಂಕ ಹಾಕಿ ಮೊಹರು ಒತ್ತಿದರು. ಒಟ್ಟು ಇಪ್ಪತ್ತಾರು ಕಾಗದ. ಒಂದೊಂದಾಗಿ ಅವರ ಮುಂದೆ ಜೋಡಿಸಿಟ್ಟವನು ನಾನೇ. ನಗು ತಡೆಯಲು ನಾಲಿಗೆ ಕಚ್ಚಿಕೊಂಡಿದ್ದೆ. ಯಾವ ಕಟ್ಟಡದ್ದು ಎಂದು ನಾನೂ ನೋಡಲಿಲ್ಲ.

ಸೆಪ್ಟೆಂಬರ್ 23ರಂದು ಸಂಜೆ 7 ಗಂಟೆಗೆ ಅಕ್ಕ ಮನೆಗೆ ಬಂದು, ಏ ಉಲ್ಟಾ, ನಿನ್ನ ಘನಂದಾರಿ ಕೆಲಸ ನಮ್ ಲಿಫ್ಟಲ್ಲಿ ನೇತಾಡ್ತಿದೆ ಕಣೋ ಎಂದಳು. ಕಾರ್ಖಾನೆಯ ಮ್ಯಾನೇಜರ್ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಲಿಫ್ಟಿನ ಒಳಗೆ ತೂಗುಹಾಕಿಸಿದ್ದರು. ನಾನೂರು ಜನ ದಿನಕ್ಕೆ ಎರಡು ಸಲ ಅದಕ್ಕೆ ಮುಖಕೊಟ್ಟು ನಿಂತು ಹೋಗಿ ಬರುತ್ತಿದ್ದರು. ಈ ಸಂಗತಿಗೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂರನೇ ಮಹಡಿ ಹತ್ತಿರ ಬಂದಾಗ ಲಿಫ್ಟ್ ಕೆಮ್ಮುತ್ತೆ ಎಂದೂ ಅಕ್ಕ ಹೇಳಿದಳು. ಹಾಗಾದ್ರೆ ಮೆಟ್ಟಿಲು ಹತ್ತು, ಮೈಯಾದ್ರೂ ಇಳಿಯುತ್ತೆ ಎಂದೆ. ನನ್ನ ಕಿವಿ ಹಿಂಡಿದಳು. ಲಿಫ್ಟಿನ ಸುರಕ್ಷತೆಯ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ಇಷ್ಟೇ.

ಈ ವರ್ಷ ಏಪ್ರಿಲ್ 17ರಂದು ಬೆಳಿಗ್ಗೆ 8.52ಕ್ಕೆ ಆ ಲಿಫ್ಟು ಹಗ್ಗ ಕಿತ್ತುಕೊಂಡು ಮೂರನೇ ಮಹಡಿಯಿಂದ ನೆಲಕ್ಕೆ ಬಿತ್ತು. ಒಳಗಿದ್ದವಳು ಅಕ್ಕ ಒಬ್ಬಳೇ. ನನಗೆ 9.20ಕ್ಕೆ ಫೋನ್ ಬಂತು. ಅಂಗಡಿಯಿಂದ ಆಸ್ಪತ್ರೆಗೆ ಎರಡೂವರೆ ಕಿಲೋಮೀಟರ್. ಓಡಿದೆ. ಬೆನ್ನುಮೂಳೆ ಎರಡು ಕಡೆ ಮುರಿದಿದೆ, ಸೊಂಟದಿಂದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗಿ ಪ್ರಾಣಕ್ಕೇ ಕುತ್ತು ಎಂದು ಡಾಕ್ಟರು ಸಂಜೆ 4.15ಕ್ಕೆ ತಿಳಿಸಿದರು. ಎಚ್ಚರವಾದಾಗ ಅಕ್ಕ ಮೊದಲು ಕೇಳಿದ್ದು ತನ್ನ ಚಪ್ಪಲಿ ಎಲ್ಲಿ ಎಂದು. ಒಂದು ಸಿಕ್ಕಿದೆ, ಇನ್ನೊಂದು ಹುಡುಕ್ತಾ ಇದೀನಿ ಎಂದೆ.

ಏಪ್ರಿಲ್ 21ರಂದು ಸಂಜೆ 4 ಗಂಟೆಗೆ ಲಿಫ್ಟ್ ಸಾಹೇಬರೂ ಕಾರ್ಖಾನೆಯ ಮ್ಯಾನೇಜರೂ ಆಸ್ಪತ್ರೆಯ ಮೊಗಸಾಲೆಗೆ ಬಂದರು. ಪ್ರಮಾಣಪತ್ರದಲ್ಲಿದ್ದ "ಇಲ್ಲ" ಅಷ್ಟು ಹೊತ್ತಿಗೆ ಎಲ್ಲರ ಕಣ್ಣಿಗೂ ಬಿದ್ದಿತ್ತು. ನಿನ್ನಿಂದ ನನ್ನ ಮರ್ಯಾದೆ ಮಣ್ಣುಪಾಲಾಯ್ತಲ್ಲೋ ಎಂದು ಸಾಹೇಬರು ಕಣ್ಣೊರೆಸಿಕೊಂಡರು. ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈಯಿಟ್ಟು, ಪೊಲೀಸರ ಮುಂದೆ ನಾನು ಎರಡು ಮಾತು ಹೇಳಬೇಕೆಂದರು. ಒಂದು, ಅಕ್ಷರ ಬದಲಾಯಿಸಿದ್ದು ನನ್ನ ಕಿಡಿಗೇಡಿತನ. ಎರಡು, ಸೆಪ್ಟೆಂಬರ್ 19ರಂದು ಸಾಹೇಬರು ಸಲಕರಣೆ ಚೀಲ ಹಿಡಿದು ಕಾರ್ಖಾನೆಯ ಕಡೆ ಹೋಗುವುದನ್ನು ನಾನು ನೋಡಿದ್ದೇನೆ. "ಮೊದಲನೇದು ನಿಜಾನೇ ಅಲ್ವೇನಪ್ಪಾ? ಅದರ ಬೆನ್ನಿಗೆ ಇನ್ನೊಂದು ಮಾತು, ಅಷ್ಟೆ" ಎಂದರು. ಆಸ್ಪತ್ರೆಯಲ್ಲಿ ಅಕ್ಕನ ಹಾಸಿಗೆಯ ಖರ್ಚು ಕಾರ್ಖಾನೆಯ ಹೆಸರಿನಲ್ಲಿದೆ ಎಂದೂ, ಹೇಳಿಕೆ ಆದರೆ ಎಷ್ಟು ದಿನ ಬೇಕಾದರೂ ಇರುತ್ತದೆ ಎಂದೂ, ಆಗದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದೂ ತಿಳಿಸಿ, ಬೆಂಚಿನ ಮೇಲೆ ಹಣ್ಣಿನ ಪೊಟ್ಟಣ ಇಟ್ಟು ಹೋದರು.

ಇದನ್ನು ಅಕ್ಕನಿಗೆ ಹೇಳಿ, ಎರಡನೆಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂದೆ. ಅಕ್ಕ, "ಇಷ್ಟು ವರ್ಷ ಬೇಡದ್ದಕ್ಕೆಲ್ಲಾ ಸುಳ್ಳು ಹೇಳ್ದೆ. ಈಗ ಬೇಕು ಅಂದಾಗ ಏನೋ ಬಂತು ನಿಂಗೆ? ಕಾಲಂತೂ ಹೋಯ್ತು, ಹಾಸಿಗೆಯಾದ್ರೂ ಇರ್ಲಿ ಕಣೋ" ಎಂದಳು. ನಾನು ಅವಳ ಮಗ್ಗುಲು ಬದಲಿಸಿದೆ.

ಈ ದಿನ ಏಪ್ರಿಲ್ 24ರಂದು ಮಧ್ಯಾಹ್ನ 3 ಗಂಟೆಗೆ ಠಾಣೆಗೆ ಬಂದು, ನಡೆದದ್ದು ನಡೆದ ಹಾಗೆ ಮೇಲಿನಂತೆ ಹೇಳಿದೆ. ಹೆಡ್ ಕಾನ್‌ಸ್ಟೇಬಲ್ ಅವರು ಇಲ್ಲಿಯವರೆಗೆ ಬರೆದುಕೊಂಡಿದ್ದಾಗ, ಸಂಜೆ 4.35ಕ್ಕೆ ವಾರ್ಡಿನ ನರ್ಸಮ್ಮ ಫೋನ್ ಮಾಡಿದರು. ನಿನ್ನ ಹೇಳಿಕೆಯ ಸುದ್ದಿ ಆಗಲೇ ಮುಟ್ಟಿದೆಯಂತೆ, ಕಾರ್ಖಾನೆಯವರು ಹಾಸಿಗೆ ಬಿಡಿಸಲು ಹೇಳಿದ್ದಾರೆ, 6 ಗಂಟೆಗೆ ನಿಮ್ಮಕ್ಕನ್ನ ಹೊರಗಡೆ ಬೆಂಚಿಗೆ ಹಾಕ್ತಾರೆ, ಬೇಗ ಏನಾದ್ರೂ ಮಾಡಪ್ಪಾ ಎಂದರು.

ಆದ್ದರಿಂದ ಸೆಪ್ಟೆಂಬರ್ 19ರ ಬಗ್ಗೆ ಮೇಲೆ ಹೇಳಿದ್ದನ್ನು ಹೊಡೆದುಹಾಕಬೇಕೆಂದು ಕೇಳಿಕೊಂಡೆ. ಬರೆದದ್ದನ್ನು ಹೊಡೆಯೋ ಹಾಗಿಲ್ಲ, ಬೇಕಿದ್ರೆ ಕೆಳಗೆ ಸೇರಿಸು ಎಂದು ಹೆಡ್ ಕಾನ್‌ಸ್ಟೇಬಲ್ ಹೇಳಿದ ಮೇರೆಗೆ ಸೇರಿಸುವುದೇನೆಂದರೆ: ಸೆಪ್ಟೆಂಬರ್ 19ರಂದು ಬೆಳಿಗ್ಗೆ 11.10ಕ್ಕೆ ಲಿಫ್ಟ್ ಸಾಹೇಬರು ಸಲಕರಣೆ ಚೀಲ ಹಿಡಿದು ಕಾರ್ಖಾನೆಯ ಕಡೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು 1.45ರವರೆಗೆ ಹಿಂತಿರುಗಲಿಲ್ಲ.

ಈಗ ಎರಡರಲ್ಲಿ ಯಾವುದನ್ನ ಹಿಡೀಬೇಕಯ್ಯಾ ಎಂದು ಅವರು ಕೇಳಿದರು. ಕೊನೆಯದನ್ನು ಹಿಡಿಯಿರಿ ಸಾರ್, ಮೇಲಿನದನ್ನು ಯಾರೂ ಓದಲ್ಲ ಎಂದೆ. ಅವರು ಅದನ್ನೂ ಬರೆದುಕೊಂಡರು.

ಮೇಲೆ ಹೇಳಿದ್ದೂ, ಅದರ ಕೆಳಗೆ ಸೇರಿಸಿದ್ದೂ, ಎರಡೂ ನಾನೇ ಹೇಳಿದ್ದು ಹೌದು. 6 ಗಂಟೆಯೊಳಗೆ ಆಸ್ಪತ್ರೆ ಸೇರಬೇಕಾಗಿರುವುದರಿಂದ ಬೇಗ ಸಹಿ ತೆಗೆದುಕೊಳ್ಳಬೇಕಾಗಿ ಕೋರಿಕೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನಾಂಕ: ಏಪ್ರಿಲ್ 24, ಸಂಜೆ 5.05

(ಸಹಿ) ಉಲ್ಟಾ