ಗಾಜಿನ ಪೆಟ್ಟಿಗೆಯಿಂದ ಸಿಂಬಿ ತೆಗೆದ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 22 ವರ್ಷ, ಉದ್ಯೋಗ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವುದು, ವಾಸ ಅದೇ ಮುದ್ರಣಾಲಯದ ಹಿಂದಿನ ಬಾಡಿಗೆ ಮನೆ, ಠಾಣೆಯಲ್ಲಿ ಹಾಜರಿದ್ದು ಈ ಮೂಲಕ ತಿಳಿಸುವುದೇನೆಂದರೆ:

ಈ ದಿನ ಬೆಳಿಗ್ಗೆ 9.20ಕ್ಕೆ ನಾನು ಮತ್ತು ನನ್ನ ತಾಯಿಯ ತಾಯಿ (74 ವರ್ಷ) ಈ ಬಂದರು ನಗರವನ್ನು ನೋಡಲು ಬಸ್ಸಿನಲ್ಲಿ ಬಂದೆವು. ಅಜ್ಜಿ ತಮ್ಮ 15ನೇ ವಯಸ್ಸಿನಿಂದ 17 ವರ್ಷ ಇಲ್ಲಿ ಹಡಗಿನ ಮೂಟೆ ಹೊತ್ತವರು. ಬಿಟ್ಟುಹೋದ ಮೇಲೆ ಬಂದದ್ದು ಇದೇ ಮೊದಲು. ಹಳೆಯ ಬೀದಿಯ 200 ಮೀಟರಿನೊಳಗೆ ಮೂರು ಧರ್ಮದವರ ಪ್ರಾರ್ಥನಾ ಮಂದಿರಗಳನ್ನೂ, ಬಾಗಿಲ ಮೇಲೆ ನಾಲ್ಕು ಭಾಷೆಗಳಲ್ಲಿ ಹೆಸರು ಕೆತ್ತಿದ ವರ್ತಕರ ಮನೆಗಳನ್ನೂ ನೋಡಿದೆವು. ಬಂದರನ್ನು ಕಟ್ಟಿದ್ದು ಹೊರೆ ಹೊತ್ತ ತಲೆಗಳು ಎಂದು ನಾನು ಹೊಲಿಯುವ ಕಿರುಹೊತ್ತಿಗೆಗಳಲ್ಲಿ ಓದಿದ್ದೆನು. ಅವರ ಹೆಸರು ಯಾವ ಗೋಡೆಯ ಮೇಲೂ ಇರಲಿಲ್ಲ. ಈ ಮಾತು ಹೇಳಿಕೆಗೆ ಬೇಡವೆಂದು ಬರೆದುಕೊಳ್ಳುತ್ತಿರುವ ಪೇದೆಯವರು ಹೇಳಿದರು. ಬೇಕೆಂದು ನಾನು ಹೇಳಿದ್ದರಿಂದ ಬರೆಯಲಾಗಿದೆ.

11.05ಕ್ಕೆ ವಿದೇಶಿ ಕಂಪನಿಯ ಹಳೆಯ ಗೋದಾಮಿನಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ ಪಡೆದು ಹೋದೆವು. ಎರಡನೇ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಮಾಡಿದ ಒಂದು ಬಳೆಯಂಥ ವಸ್ತುವಿತ್ತು. ದೊರೆಸಾನಿಯ ಟೋಪಿ ಇಡುವ ದಿಂಬು ಎಂದು ಚೀಟಿ ಅಂಟಿಸಿದ್ದರು. ನಾನು ಓದಿ ಹೇಳಿದಾಗ ಅಜ್ಜಿ, ಯಾವ ದಿಂಬೇ, ಇದು ಸಿಂಬಿ, ಮೂಟೆ ಕೆಳಗೆ ತಲೆ ಮೇಲಿಡೋದು, ಎಂದು ನಕ್ಕರು. ಬಟ್ಟೆಯ ಎರಡು ತುದಿ ಇಳಿಬಿಟ್ಟಿದ್ದರೆ ಅದು ಹಡಗಿನಿಂದ ದಡಕ್ಕೆ ಹಾಸಿದ ಹಲಗೆಯ ಮೇಲೆ ನಡೆಯುವ ಹೆಂಗಸರದು, ಗಾಳಿಗೆ ಜಾರದಂತೆ ಆ ತುದಿಗಳನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದೆವು, ತಾನೂ ಹಲಗೆಯವಳೇ ಎಂದು ತಿಳಿಸಿದರು.

ಕಾವಲುಗಾರರಿಗೆ ಹೇಳಿದೆವು. ಚೀಟಿ ಬರೆದೋರು ದೊಡ್ಡ ಓದು ಓದಿದೋರು ಅಜ್ಜೀ, ಎಂದರು. ಅದಕ್ಕೆ ಅಜ್ಜಿ, ಹೌದಾ ತಮ್ಮಾ, ಹಾಗಾದ್ರೆ ದೊರೆಸಾನಿ ಟೋಪಿ ಎಷ್ಟು ಮಣ ತೂಗ್ತಿತ್ತು, ದಿಂಬು ಹಿಂಗೆ ಅಪ್ಪಚ್ಚಿ ಆಗಿದೆಯಲ್ಲ, ಎಂದರು.

11.25ಕ್ಕೆ ನಾನೇ ಬೀಗವಿಲ್ಲದ ಗಾಜಿನ ಮುಚ್ಚಳ ಎತ್ತಿ ಸಿಂಬಿಯನ್ನು ತೆಗೆದು ಅಜ್ಜಿಯ ಕೈಗೆ ಕೊಟ್ಟೆನು. ಅಜ್ಜಿ ತಲೆಗಿಟ್ಟು, ತುದಿಗಳನ್ನು ಸಿಕ್ಕಿಸಿ, ಎರಡೂ ಕೈ ಬಿಟ್ಟು, ಕಲ್ಲುಚಪ್ಪಡಿಯ ಒಂದೇ ಗೆರೆಯ ಮೇಲೆ ಒಂಬತ್ತು ಹೆಜ್ಜೆ ನಡೆದರು. ಮನೆಯಲ್ಲಿ ಅವರು ಗೋಡೆ ಹಿಡಿದು ನಡೆಯುತ್ತಾರೆ.

ಅಷ್ಟರಲ್ಲಿ ಬಂದ ಮೇಲ್ವಿಚಾರಕರು ಅಜ್ಜಿಯನ್ನು ಕಳ್ಳಿ ಎಂದು ಕೂಗಿ, 12.10ಕ್ಕೆ ನಮ್ಮಿಬ್ಬರನ್ನೂ ಠಾಣೆಗೆ ಕರೆತಂದರು. ಅಜ್ಜಿಗೆ ಮರೆವಿನ ಕಾಯಿಲೆ, ತಿಳಿಯದೆ ತೆಗೆದರು ಎಂದು ನಾನು ಬರೆದುಕೊಟ್ಟರೆ ಬಿಡುವುದಾಗಿ, ಇಲ್ಲವಾದರೆ ಅಜ್ಜಿಯ ಮೇಲೆ ಕಳವಿನ ದೂರು ಕೊಡುವುದಾಗಿ ಹೇಳಿದರು. ಒಂದು ಸಾಲು ತಾನೇ, ಬರೆದುಕೊಟ್ಟು ಅಜ್ಜೀನ ಕರ್ಕೊಂಡು ಹೋಗಮ್ಮಾ, ಎಂದು ಪೇದೆಯವರೂ ಬುದ್ಧಿ ಹೇಳಿದರು. ಆಗ ಅಜ್ಜಿ, ನನ್ನ ಹಲಗೆಯ ಹನ್ನೊಂದು ಹೆಂಗಸರ ಹೆಸರು ಹೇಳ್ತೀನಿ, ಬರ್ಕೊಳ್ಳಿ, ಎಂದು ಒಂದೊಂದಾಗಿ ಹೇಳಿದರು. ಪೇದೆಯವರು ಬರೆದುಕೊಳ್ಳಲಿಲ್ಲ. ನಾನು ಎಣಿಸಿದೆನು. ಹನ್ನೊಂದೂ ಇದ್ದವು.

ಆದ್ದರಿಂದ ಆ ಸಾಲನ್ನು ನಾನು ಬರೆದುಕೊಡುವುದಿಲ್ಲ. ಮುಚ್ಚಳ ಎತ್ತಿದವಳು ನಾನು. ಪ್ರಕರಣವನ್ನು ನನ್ನ ಮೇಲೆ ದಾಖಲಿಸಬೇಕು. ಜಪ್ತಿ ಪಟ್ಟಿಯಲ್ಲಿ ವಸ್ತುವನ್ನು ದಿಂಬು ಎಂದು ಬರೆದಿದ್ದರು, ನಾನು ಒಪ್ಪಲಿಲ್ಲ. ಈಗ ಅದನ್ನು ಹೊಡೆದುಹಾಕಿ, ಹೊರೆ ಹೊರುವವರ ಸಿಂಬಿ, ಒಂದು, ಎಂದು ತಿದ್ದಲಾಗಿದೆ. ಅದನ್ನು ಅಜ್ಜಿಗೆ ಎರಡು ಸಲ ಓದಿ ಹೇಳಿದ್ದೇನೆ.

ಇದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಮಾತ್ರ ಇದೆ. ಓದಿ ನೋಡಿ, ನಿಜವೆಂದು ಒಪ್ಪಿ, ಯಾರ ಒತ್ತಾಯವೂ ಇಲ್ಲದೆ ಸಹಿ ಹಾಕಿದ್ದೇನೆ.

ಸ್ಥಳ: ಬಂದರು ಠಾಣೆ
ದಿನಾಂಕ: ಮಾರ್ಚ್ 9, ಮಧ್ಯಾಹ್ನ 2.40
(ಸಹಿ)