ದಸ್ತೂರ್ ತಿದ್ದುಪಡಿ

ಆಕ್ರಮಿಸಿದ್ದ ಇರಾಕಿ ಸೈನ್ಯ ಹೋಗಿ ಎರಡು ತಿಂಗಳಾದರೂ ಕುವೈತಿನ ನಲ್ಲಿಗಳಿಗೆ ನೀರು ಬಂದಿರಲಿಲ್ಲ. ರಾಯ್ ಬಡಾವಣೆಯಲ್ಲಿ ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತು ಸೋತಿದ್ದ ಸುಗಂಧಿಗೆ, ಮುಂದಿದ್ದ ಮೊಯ್ದೀನ್ ಕುಂಞಿ ಮತ್ತು ರೋಹಿದಾಸರ ಮಾತು ಕೇಳಿಸುತ್ತಿತ್ತು.

"ದಸ್ತೂರ್ ತಿದ್ದಬೇಕು ಅಂತಾನೆ ನನ್ನ ಕಫೀಲ್, ವೀಸಾ ಕೊಟ್ಟ ಅರಬಿ. ಎಣ್ಣೆ ದುಡ್ಡಲ್ಲಿ ಒಂದು ಪಾಲು ನೀರಿಗೆ, ರಸ್ತೆಗೇ ಅಂತ ಬರೀಬೇಕಂತೆ."

"ದಸ್ತೂರಿಯಾ? ನಮ್ಮೂರ ರಸ್ತೆಯಲ್ಲೂ ಇಂಜಿನಿಯರಿಗೆ ಒಂದು ಪಾಲು ಉಂಟಲ್ಲ ಮೊಯ್ದೀನಾಕ!"

"ಲಂಚ ಅಲ್ಲ ಮಾರಾಯ್ರೆ. ಅರಬಿಯಲ್ಲಿ ದಸ್ತೂರ್ ಅಂದ್ರೆ ಸಂವಿಧಾನ. ಅದರಲ್ಲಿ ಬರೆದ್ರೆ ಮತ್ತೆ ಆ ದುಡ್ಡು ಯಾರೂ ಮುಟ್ಲಿಕ್ಕಿಲ್ಲ."

"ಅಷ್ಟರವರೆಗೆ ನೀರು?"

ಟ್ಯಾಂಕರಿನವನು "ಖಲಾಸ್" ಎಂದು ನೀರು ನಿಲ್ಲಿಸಿದ. ರೋಹಿದಾಸ ಸಿಗರೇಟು ಪ್ಯಾಕೊಂದನ್ನು ಅವನ ಕಿಸೆಗೆ ಇಳಿಸಿದ. ನೀರು ಮತ್ತೆ ಸುರಿಯಿತು.

"ನಮ್ಮ ದಸ್ತೂರಿಗೆ ತಿದ್ದುಪಡಿ ಬೇಡ," ಎಂದ ರೋಹಿದಾಸ.

ಇಬ್ಬರೂ ತುಂಬಿದ ಕ್ಯಾನ್ ಹೊತ್ತು ಹೋದರು. ಸುಗಂಧಿ ತನ್ನ ಖಾಲಿ ಕ್ಯಾನ್ ಮುಂದೊಡ್ಡಿದಳು.

"ಖಲಾಸ್," ಎಂದ ಟ್ಯಾಂಕರಿನವನು.