ಅಳಿವೆ ಕಡೆಯ ಗೋಡೆ

ಆಗ ಹೊನ್ನಾವರದಲ್ಲಿ ಹೊಳೆ ದಾಟಲು ಲಾಂಚೇ ಗತಿ. ಲಾಂಚ್ ನಿಲ್ಲುವ ಧಕ್ಕೆಯ ಸರದಿಯಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಹಸಿರು ಬಣ್ಣದ ಡಬ್ಬಿ.

“ಮನೆಯ ಅಳಿವೆ ಕಡೆ ಗೋಡೆಗೂ ಹಸಿರೇ ಬಳಿತ್ಯನೋ, ಮಾಬ್ಲ?” ಅಕ್ಕ ಹೊಳೆ ಸಮುದ್ರ ಸೇರುವ ಕಡೆಗೆ ಕೈ ತೋರಿಸಿದಳು.

“ಹೌದು. ಸುಣ್ಣ ಬಳದ್ರೆ ಒಂದೇ ಮಳೆಗೆ ತೊಳ್ದು ಹೋತದೆ.”

“ಅಪ್ಪ ವರ್ಷಾ ವರ್ಷಾ ಸುಣ್ಣ ಬಳ್ದದ್ದು ಚಂದಕ್ಕಲ್ಲ. ಸಮುದ್ರದಿಂದ ಬರೂ ದೋಣಿಯವ್ರು ಆ ಬಿಳಿ ಗೋಡೆ ಗುರುತು ಹಿಡ್ದೇ ಅಳಿವೆ ಒಳಗೆ ಬರೂದು.”

“ಊರಲ್ಲಿ ಬೇರೆ ಗೋಡೆ ಇಲ್ವ?”

“ಅಲ್ಲಿಗೆ ಕಾಣೂದು ಅದೊಂದೇ. ತೆಂಗಿನ ಮರದ ಮಧ್ಯ ಹಸಿರು ಬಳದ್ರೆ ಎಂತ ಕಾಣ್ತದೆ? ನಿನ್ನ ಭಾವ ಮರಳ ದಿಬ್ಬಕ್ಕೆ ದೋಣಿ ಹೊಡ್ದು ಸಾಯ್ಬೇಕಾ?”

“ಮದ್ವೆಯಾಗಿ ಹೋದವ್ಳು ನೀನು. ಮನೆ ನಂದು, ಬಣ್ಣನೂ ನಂದು.”

“ಆತು, ಹಸಿರೇ ಬಳಿ. ದಿನಾ ಸಂಜಿಗೆ ದೋಣಿ ಬರೂ ಹೊತ್ತಿಗೆ ನೀ ಉಟ್ಟ ಆ ಬಿಳಿ ಪಂಚೆ ಬಿಚ್ಚಿ, ಗೋಡೆ ಮೇಲೆ ಹರಡಿ ಹಿಡ್ಕಂಡು ನಿತ್ಕ. ಭಾವ ದಡ ಮುಟ್ಟೂವರೆಗೆ ಕೈ ಇಳಸ್ಬೇಡ.”

ಲಾಂಚ್ ಬಂತು. ಅಕ್ಕ ಹಿಂದೆ ನೋಡದೆ ಹತ್ತಿದಳು. ಸರದಿಯಲ್ಲಿದ್ದವರೆಲ್ಲ ತಮ್ಮನ ಪಂಚೆಯನ್ನೇ ನೋಡುತ್ತಿದ್ದರು. ಅವನು ಡಬ್ಬಿ ಕೆಳಗಿಟ್ಟು ಪಂಚೆ ಬಿಗಿದುಕೊಂಡ.